ಸಕ್ನಾಳ ಜನನಪತ್ರ

ಹೇಳಿಬಿಟ್ಟರೆ ಏನಾದೀತು? ಹೆಚ್ಚೆಂದರೆ ಮಗಳು ರಬಿಯಾ ಮುಖ ತಿರುಗಿಸಿಯಾಳು. ಹೆಂಡತಿ ನಾಲ್ಕು ದಿನ ಮಾತು ಬಿಟ್ಟಾಳು. ಅಷ್ಟೇ ತಾನೇ? ಅಲ್ಲ, ಅಷ್ಟಕ್ಕೇ ಮುಗಿಯುವ ಮಾತಲ್ಲ ಅದು. ಹೇಳದೆ ಇದ್ದರೆ? ಹೇಳದೆ ಇದ್ದರೆ ದಲ್ಲಾಳಿ ಮಹ್ಸುನ್ ಒಬ್ಬನೇ ಹೇಳಬೇಕು. ಅವನ ಮಾತನ್ನು ಊರಲ್ಲಿ ಈಗ ಯಾರು ನಂಬುತ್ತಾರೆ?

ಅಮಾಕ್ ಸಕ್ನಾ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಒಂದು ಮೊರ ತೆಂಗಿನ ಚಿಪ್ಪು ಸುರಿದು, ಗಾಜಿನ ಕಿಂಡಿಯಲ್ಲಿ ಇಣುಕಿದ. ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿದ ಹೊಗೆಸೊಪ್ಪು ಇನ್ನೂ ಹಸಿರು ಬಿಟ್ಟಿರಲಿಲ್ಲ. ಹನ್ನೊಂದು ದಿನದಿಂದ ಅವನಿಗೆ ಇದೇ ಯೋಚನೆ.

ರಬಿಯಾ ರಿಯಾದ್‌ನಿಂದ ಬಂದು ಹನ್ನೊಂದು ದಿನವಾಗಿತ್ತು. ಮಹ್ಸುನ್ ಮನೆಗೆಲಸಕ್ಕೆಂದು ಕಳಿಸಿದಾಗ ಅವಳಿಗೆ ಹದಿನಾರು, ಈಗ ಹದಿನೆಂಟು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಇಸ್ತ್ರಿಪೆಟ್ಟಿಗೆಯಲ್ಲಿ ಸುಟ್ಟು, ಚರ್ಮ ಎಳೆದುಕೊಂಡು, ಬೆರಳು ಮಡಚಲು ಬರುತ್ತಿರಲಿಲ್ಲ. ಅವಳ ಪಾಸ್‌ಪೋರ್ಟಿನಲ್ಲಿದ್ದ ಹೆಸರು ಸಕ್ನಾ, ವಯಸ್ಸು ಇಪ್ಪತ್ತನಾಲ್ಕು. ಇಪ್ಪತ್ತೊಂದು ತುಂಬದವರನ್ನು ಹೊರದೇಶದ ಮನೆಗೆಲಸಕ್ಕೆ ಬಿಡುವುದಿಲ್ಲ.

ಸಕ್ನಾ ಎಂದರೆ ಅವಳ ಅಕ್ಕ. ಏಳನೇ ವಯಸ್ಸಿಗೆ ಜ್ವರ ಬಂದು ಸತ್ತು ಹದಿನೇಳು ವರ್ಷವಾಗಿತ್ತು.

ನಮ್ಮ ಕಡೆ ಮೊದಲ ಮಗು ಹುಟ್ಟಿದ ದಿನವೇ ಅಪ್ಪ ಅಮ್ಮನ ಸ್ವಂತ ಹೆಸರು ಮುಗಿದುಹೋಗುತ್ತದೆ. ಆಮೇಲೆ ಅವರು ಆ ಮಗುವಿನ ಅಮಾಕ್, ಅಂದರೆ ಅಪ್ಪ; ಆ ಮಗುವಿನ ಇನಾಕ್, ಅಂದರೆ ಅಮ್ಮ. ಮಗು ಸತ್ತರೂ ಆ ಹೆಸರು ಹೋಗುವುದಿಲ್ಲ. ಸಾವನ್ನು ಕಚೇರಿಯಲ್ಲಿ ಬರೆಸುವ ರೂಢಿಯೂ ಇರಲಿಲ್ಲ. ಹೂತು, ಒಂಬತ್ತನೇ ದಿನ ಊಟ ಹಾಕಿದರೆ ಆಯಿತು. ಎರಡು ವರ್ಷದ ಹಿಂದೆ ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಸಾಹೇಬ ಅಂಗಡಿ ಮುಂದೆ ನಿಂತು, “ಸಕ್ನಾಳ ಮನೆ ಯಾವುದು?” ಎಂದು ಕೇಳಿದಾಗ ಇಡೀ ಬೀದಿ, “ಅಗೋ, ಅಮಾಕ್ ಸಕ್ನಾನ ಮನೆ ಅದೇ” ಎಂದು ಕೈ ತೋರಿಸಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಸಾಹೇಬ ಗುರುತು ಹಾಕಿಕೊಂಡು ಹೋಗಿದ್ದ.

“ಅಮಾಕ್ ಸಕ್ನಾ, ಬಾ! ಸೆಲೋಂಗ್ ಪೇಟೆಯಿಂದ ಬು ರೆಹಾನುನ್ ಬಂದ್ರು,” ಎಂದು ಹೆಂಡತಿ ಅಂಗಳದಿಂದ ಕೂಗಿದಳು.

ಎಲ್ಲರೂ ಗೌರವದಿಂದ ‘ಬು’ ಎನ್ನುವ ರೆಹಾನುನ್ ಒಂಬತ್ತು ವರ್ಷ ಮಲೇಷ್ಯಾದಲ್ಲಿ ಕಂಡವರ ಮನೆಯ ನೆಲ ಒರೆಸಿ ಬಂದ ಹೆಂಗಸು. ಈಗ ಹೊರದೇಶಕ್ಕೆ ದುಡಿಯಲು ಹೋಗಿ ನೊಂದು ಬಂದವರಿಗೆ ಬಿಟ್ಟಿಯಾಗಿ ಕೇಸು ನಡೆಸಿಕೊಡುವ ಸಂಘದಲ್ಲಿದ್ದಳು. ಸ್ಕೂಟರಿನಿಂದ ಇಳಿದು, ಕಾಗದದ ಚೀಲವನ್ನು ತೊಡೆ ಮೇಲಿಟ್ಟುಕೊಂಡು ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು.

“ಮೊದಲು ಊಟ, ಆಮೇಲೆ ಮಾತು,” ಎಂದಳು ಇನಾಕ್ ಸಕ್ನಾ. ಅನ್ನ, ಹುರಿದ ಒಣಮೀನು, ಕಂಕುಂಗ್ ಸೊಪ್ಪು, ಕಣ್ಣಲ್ಲಿ ನೀರು ಬರಿಸುವ ಮೆಣಸಿನ ಚಟ್ನಿ. ಎಲ್ಲರೂ ಸುತ್ತ ಕೂತರು. ರಬಿಯಾ ಎಡಗೈಯಲ್ಲಿ ಚಮಚ ಹಿಡಿದಳು.

ಪಾಪುಕ್, ಅಂದರೆ ಅಜ್ಜಿ, ಅಮಾಕ್ ಸಕ್ನಾನ ತಾಯಿ, ಗೊಣಗಿದಳು. “ಎಡಗೈಯಲ್ಲಿ ತಿಂದ್ರೆ ಸೈತಾನ ಪಕ್ಕದಲ್ಲೇ ಕೂತು ತಿಂತಾನಂತೆ.”

“ತಿನ್ನಲಿ ಬಿಡು ಪಾಪುಕ್. ಎರಡು ವರ್ಷ ಅವನ ಮನೇಲೇ ಇದ್ದೆ, ಪರಿಚಯದವನೇ.”

ಬು ರೆಹಾನುನ್‌ಗೆ ನಗು ತಡೆಯಲಾಗಲಿಲ್ಲ. ಅಮಾಕ್ ಸಕ್ನಾ ನಗಲಿಲ್ಲ.

ಕೈ ತೊಳೆದ ಮೇಲೆ ಬು ರೆಹಾನುನ್ ಪೆನ್ನು ತೆಗೆದಳು. “ಇನಾಕ್, ಸಕ್ನಾಳ ಜನನಪತ್ರ ಎಲ್ಲಿತ್ತು?”

“ಅಕ್ಕಿ ಪೆಟ್ಟಿಗೇಲಿ. ಪ್ಲಾಸ್ಟಿಕ್ಕಲ್ಲಿ ಸುತ್ತಿ ತಳದಲ್ಲಿ ಇಟ್ಟಿದ್ದೆ. ಅವಳದು ಅಂತ ಉಳಿದಿದ್ದು ಅದೊಂದೇ.”

“ಹಾಜಿ ಮಹ್ಸುನ್ ಕೈಗೆ ಹೇಗೆ ಹೋಯ್ತು?”

“ಹೇಗೆ ಹೋಗುತ್ತೆ? ಕದ್ದ. ರಬಿಯಾಳ ಶಾಲೆ ಕಾಗದ ಬೇಕು ಅಂತ ಬಂದಿದ್ನಂತೆ, ನಾನು ಹೊಲದಲ್ಲಿದ್ದೆ. ಇವನು ಪೆಟ್ಟಿಗೆ ತೆಗೆದಿಟ್ಟಿರ್ತಾನೆ, ಆ ನರಿ ಎರಡನ್ನೂ ಎತ್ಕೊಂಡು ಹೋಗಿದೆ. ಹೌದು ತಾನೇ?”

“ಅಮಾಕ್ ಬಾಯಿಂದಲೇ ಬರಲಿ,” ಎಂದಳು ಬು ರೆಹಾನುನ್. “ಕೊಟ್ಟಿದ್ದು ಮನೆಯವರೇ ಅಂತಾದ್ರೆ ಮನೆಯವರೂ ಕಟಕಟೆ ಹತ್ತಬೇಕಾಗುತ್ತೆ. ಕಾನೂನು ಅಪ್ಪ ಅಂತ ನೋಡಲ್ಲ. ಅವನ ವಕೀಲ ಅದನ್ನೇ ಹಿಡ್ಕೊಂಡು ಎಳೀತಾನೆ, ಕೇಸು ಅಲ್ಲೇ ಸಡಿಲ ಆಗುತ್ತೆ.”

ಅಮಾಕ್ ಸಕ್ನಾ ಹಲ್ಲಿನ ಸಂದಿಯ ಮೀನಿನ ಮುಳ್ಳನ್ನು ನಾಲಗೆಯಿಂದ ಹುಡುಕುತ್ತಿದ್ದ. “ಅವನು ತಗೊಂಡು ಹೋದ,” ಎಂದ.

“ಅಪ್ಪನ ಒಪ್ಪಿಗೆ ಪತ್ರದಲ್ಲಿ ನಿಮ್ಮ ಹೆಬ್ಬೆಟ್ಟಿದೆ. ನನ್ನ ಮಗಳು ಸಕ್ನಾಳನ್ನು ಕಳಿಸಲು ಒಪ್ಪಿದ್ದೇನೆ ಅಂತ ಬರೆದಿದೆ.”

“ನನಗೆ ಓದೋಕೆ ಬರಲ್ಲ.”

ಅದೂ ನಿಜವೇ. ಅವಳು ಬರೆದುಕೊಂಡಳು.

“ಅಲ್ಲಿ ಬಾಕಿ ಇರೋ ಸಂಬಳಕ್ಕೆ ಸಕ್ನಾ ಹೆಸರಲ್ಲೇ ಅರ್ಜಿ ಹಾಕ್ಬೇಕು. ರಾಯಭಾರ ಕಚೇರಿಯವರು ವರ್ಷಗಟ್ಟಲೆ ಎಳೀಬಹುದು,” ಎಂದು ಅವಳು ರಬಿಯಾಳ ಕಡೆ ತಿರುಗಿದಳು.

“ಸಂಬಳ ಬಂದಾಗ ಬರಲಿ ಬು. ಮಹ್ಸುನ್ ಒಳಗೆ ಹೋಗ್ಬೇಕು.” ರಬಿಯಾ ಚಮಚದಿಂದ ಖಾಲಿ ತಟ್ಟೆ ಕೆರೆಯುತ್ತಿದ್ದಳು. “ಮೂರನೇ ತಿಂಗಳು ಪಕ್ಕದ ಮನೆ ಕೆಲಸದವಳ ಫೋನಿಂದ ಅವನಿಗೆ ಫೋನ್ ಮಾಡ್ದೆ. ತುವಾನ್, ಸ್ವಾಮಿ, ಹೊಡೀತಾರೆ, ಕರೆಸ್ಕೊಳ್ಳಿ ಅಂದೆ. ‘ಸಹಿಸ್ಕೋ ಸಕ್ನಾ’ ಅಂದ. ನಾನು ರಬಿಯಾ ಅಂತ ಅವನಿಗೆ ಗೊತ್ತಿಲ್ವಾ? ನನ್ನ ಹೆಸರು ಹಿಡಿದು ಕರೆಯೋಕೂ ಅವನಿಗೆ ಬಾಯಿ ಬರಲಿಲ್ಲ. ಅವತ್ತೇ ಏಜೆನ್ಸಿಗೆ ಹೇಳ್ದ, ಏಜೆನ್ಸಿಯವರು ಮನೆ ಯಜಮಾನಿಗೆ ಹೇಳಿದ್ರು. ಮಾರನೇ ದಿನ ಇಸ್ತ್ರಿ ಪೆಟ್ಟಿಗೆ.”

ಬು ರೆಹಾನುನ್ ಚೀಲ ಕಟ್ಟಿದಳು.

“ಒಂದು ತೊಡಕಿದೆ. ಅವನು ಏನಂತಾನೆ ಗೊತ್ತಾ? ಇವಳೇ ಸಕ್ನಾ, ನನಗೆ ಬೇರೇನೂ ತಿಳೀದು ಅಂತಾನೆ. ಕಚೇರಿ ಪುಸ್ತಕದಲ್ಲಿ ಸಕ್ನಾ ಸತ್ತೇ ಇಲ್ಲ. ಅವಳು ಸತ್ತಿದ್ದಳು, ಅದು ಅವನಿಗೆ ಗೊತ್ತಿತ್ತು. ಇವೆರಡನ್ನೂ ತೋರಿಸಬೇಕು. ಮಣ್ಣು ಮಾಡಿದಾಗ ಇದ್ದವರು ಯಾರಾದ್ರೂ ಇದ್ದಾರಾ?”

“ಮೈ ತೊಳೆದ ಇಬ್ಬರೂ ತೀರಿಹೋದರು,” ಎಂದಳು ಪಾಪುಕ್. “ನಾನು ಬಾಗಿಲವರೆಗೆ. ಹೆಂಗಸರು ಗೋರಿಗೆ ಹೋಗ್ತಾರೇನು?”

ಅಮಾಕ್ ಸಕ್ನಾ ಎದ್ದು ಬ್ಯಾರನ್ನಿಗೆ ಹೋದ. ಒಲೆ ಆರಬಾರದಲ್ಲ.

* * *

ಆ ವಾರವಿಡೀ ಎಲೆ ಕಟ್ಟುವ ಕೆಲಸ. ಮುಂಜಾನೆ ಗಾಡಿಯಲ್ಲಿ ಹಸಿ ಎಲೆ ಬಂದು ಅಂಗಳದಲ್ಲಿ ಬಿದ್ದರೆ ಸಂಜೆಯೊಳಗೆ ಕಡ್ಡಿಗೆ ಏರಬೇಕು. ಮೂರು ಎಲೆ ಸೇರಿಸಿ, ದಾರ ಒಂದು ಸುತ್ತು, ಎಳೆದು ಮತ್ತೆ ಮೂರು. ಮೊದಲು ರಬಿಯಾಳ ಕೈ ಬೀದಿಗೇ ಚುರುಕಾಗಿತ್ತು. ಈಗ ಅವಳು ಎಲೆ ಜೋಡಿಸಿ ಕೊಡುತ್ತಿದ್ದಳು, ಅಮ್ಮ ಕಟ್ಟುತ್ತಿದ್ದಳು. ಅಂಟು ಹತ್ತಿ ಎಲ್ಲರ ಬೆರಳೂ ಕಪ್ಪಾಗಿತ್ತು.

ಗುರುವಾರ ಮಹ್ಸುನ್‌ನ ಹೆಂಡತಿ ಬಂದಳು. ಒಂದು ಚೀಲ ಸಕ್ಕರೆ, ಕಾಫಿಪುಡಿ. ಕಟ್ಟೆಯ ತುದಿಯಲ್ಲಿಟ್ಟು, “ನಮ್ಮ ತುವಾನ್ ಹೇಳಿದ್ರು, ಗ್ರಾಮದ ಮುಖ್ಯಸ್ಥರ ಎದುರು ಕೂತು ಒಂದು ರಾಜಿ ಕಾಗದ ಮಾಡ್ಕೊಂಡ್ರೆ...” ಎಂದಳು.

“ಕಾಗದ ಮಾಡೋದ್ರಲ್ಲಿ ನಿನ್ನ ಗಂಡ ಬಲು ಜಾಣ,” ಎಂದಳು ಇನಾಕ್ ಸಕ್ನಾ ಎಲೆಯಿಂದ ತಲೆ ಎತ್ತದೆ.

“ನೆರೆಹೊರೆ ಅಂದ್ಮೇಲೆ...”

“ಅದೇ ನೆರೆಯವಳ ಕೈ ಇದು. ನೋಡು. ರಬಿಯಾ, ಅಂಗಿ ತೋಳು ಮೇಲೆತ್ತು, ನಿಮ್ಮತ್ತೆ ನೋಡಲಿ.”

ರಬಿಯಾ ತೋಳು ಮೇಲೇರಿಸಿದಳು. ಆ ಹೆಂಗಸು ನೆಲ ನೋಡುತ್ತ ಎದ್ದುಹೋದಳು. ಸಕ್ಕರೆ ಅಲ್ಲೇ ಉಳಿಯಿತು.

“ಬಿಸಾಕ್ಲಾ?” ಎಂದಳು ರಬಿಯಾ.

“ಬೇಡ. ಮೊಳೆಗೆ ನೇತುಹಾಕು. ಬಿಚ್ಚಬೇಡ. ಬೇಕಾಗುತ್ತೆ.”

“ರಾಜಿ ಆದ್ರೆ ತಪ್ಪೇನು?” ಎಂದಳು ಪಾಪುಕ್. “ಕೋರ್ಟು ಕಂಡ ಮನೆ ಉದ್ಧಾರ ಆಗಲ್ಲ. ಬಾವಿ ಕಲಕಿದ್ರೆ ಕೆಸರು ಎಲ್ಲರ ಕೊಡಕ್ಕೂ ಬರುತ್ತೆ.”

“ಸಕ್ಕರೆ ಚೀಲ ನೋಡಿಯೇ ನಿನ್ನ ಬಾಯಿ ಸಿಹಿ ಆಯ್ತಾ ಪಾಪುಕ್?” ಎಂದಳು ರಬಿಯಾ.

“ನನಗೆ ಹಲ್ಲೂ ಇಲ್ಲ, ಸಿಹಿಯೂ ಇಲ್ಲ ಕಣೆ.”

ಮಧ್ಯಾಹ್ನ ಮಗನಿಗೆ ಬ್ಯಾರನ್ನಿಗೆ ಅನ್ನ ತಂದುಕೊಟ್ಟವಳು ಪಾಪುಕ್. ಅವನು ಉಣ್ಣುವವರೆಗೆ ಕೂತಿದ್ದು ತಟ್ಟೆ ತೆಗೆದುಕೊಳ್ಳುವಾಗ ಹೇಳಿದಳು: “ಆ ಅಕ್ಕಿ ಪೆಟ್ಟಿಗೆ ಮುಚ್ಚಳ ಕಿರುಗುಟ್ಟುತ್ತೆ. ಎಣ್ಣೆ ಹಾಕು ಅಂತ ಎಷ್ಟು ವರ್ಷದಿಂದ ಹೇಳ್ತಿದೀನಿ.”

ಅವನ ಕೈಯಲ್ಲಿ ನೀರಿನ ಲೋಟ ಹಾಗೇ ನಿಂತಿತು.

“ಆವತ್ತೂ ಕಿರುಗುಟ್ಟಿತು. ನಾನು ಗೋಡೆ ಆಚೆ ಮಲಗಿದ್ದೆ. ಕಣ್ಣು ಮಂಜಾಗಿದೆ, ಕಿವಿ ಹೋಗಿಲ್ಲ.”

“ರಬಿಯಾಗೆ ಹೇಳ್ತೀಯಾ?”

“ನಿನ್ನ ಬಾಯಿ ಇದೆಯಲ್ಲ, ನನ್ನದು ಯಾಕೆ?” ಎಂದು ಅವಳು ಗೋಡೆ ಹಿಡಿದುಕೊಂಡು ಹೊರಟಳು.

* * *

ಎರಡು ದಿನ ಬಿಟ್ಟು ಮಹ್ಸುನ್ ತಾನೇ ಬಂದ. ಬೆಳಗಿನ ಬಿಸಿಲು. ಬಿಳಿ ಟೋಪಿ, ಇಸ್ತ್ರಿಯ ಅಂಗಿ. ಬ್ಯಾರನ್ನಿನ ಹಿಂದೆ ಬೈಕು ನಿಲ್ಲಿಸಿ, ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ.

“ನಾವಿಬ್ಬರೂ ಒಂದೇ ಎಮ್ಮೆ ಮೇಲೆ ಕೂತು ಬೆಳೆದೋರು,” ಎಂದ.

“ಹೂಂ.”

“ನಾನು ಏನಂದೆ? ಹುಡುಗಿ ಚಿಕ್ಕೋಳು, ಇನ್ನೂ ಐದು ವರ್ಷ ಹೋಗಲಿ ಅಂದೆ. ಅಂದ್ನೋ ಇಲ್ವೋ?”

ಅಮಾಕ್ ಸಕ್ನಾ ಬೂದಿ ಕೆದಕಿದ.

“ಪೆಟ್ಟಿಗೆ ತೆಗೆದಿದ್ದು ಯಾರು? ಇದು ನಡೀತದಾ ನೋಡು ಅಂತ ಕೈಗೆ ಕೊಟ್ಟಿದ್ದು ಯಾರು? ಸತ್ತ ಮಗೂದು, ಬೇಡ ಕಣೋ ಅಂತ ನಾನೇ ಅಂದೆ. ಸತ್ತೋಳಿಗೆ ಇದರಿಂದ ಏನು ನಷ್ಟ ಅಂದಿದ್ದು ಯಾರ ಬಾಯಿ?”

“ಅವಳು ಫೋನ್ ಮಾಡಿದ್ದನ್ನ ಏಜೆನ್ಸಿಗೆ ಹೇಳಿದ್ದು ಯಾರ ಬಾಯಿ?”

ಮಹ್ಸುನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಅವರು ಕೇಳ್ತಾರೆ. ನಾವು ಹೇಳ್ಬೇಕಾಗುತ್ತೆ. ಹಿಂಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ನನಗೂ ಗೊತ್ತಿರಲಿಲ್ಲ.”

“ಅದಕ್ಕೇ ಹೇಳಿದ್ದು. ಇಬ್ಬರದೂ ಒಂದೇ ತಪ್ಪು. ರಾಜಿ ಮಾಡ್ಕೊ. ಮನೆ ತಗಡು ನಾನು ಕೊಟ್ಟ ದುಡ್ಡಲ್ಲೇ ಹೊದಿಸಿದ್ದು, ಮರೀಬೇಡ. ನಾನು ಒಳಗೆ ಹೋದ್ರೆ ಒಬ್ಬನೇ ಹೋಗಲ್ಲ.”

ಒಂದೇ ತಪ್ಪು. ಆ ಮಾತಿಗೆ ಅಮಾಕ್ ಸಕ್ನಾ ಇನ್ನೊಂದು ಮೊರ ಚಿಪ್ಪು ಒಲೆಗೆ ಸುರಿದ. ಮನೆಯಲ್ಲಿ ಎಲ್ಲರಿಗೂ ಈ ಮನುಷ್ಯನ ಮೇಲೆ ಸಿಟ್ಟಿತ್ತು. ಆದರೆ ಇವನು ಇನ್ನು ಊರಲ್ಲಿ ಇರಲೇಬಾರದು ಎಂದು ಅನ್ನಿಸಿದ್ದು ಅವನೊಬ್ಬನಿಗೇ.

“ಹೋಗಿ ಹೇಳು,” ಎಂದ. “ಮಸೀದಿ ಮೈಕಲ್ಲೇ ಹೇಳು. ಯಾರು ನಂಬ್ತಾರೆ ನೋಡೋಣ.”

ಬೈಕಿನ ಸದ್ದು ದೂರವಾದ ಮೇಲೂ ಅವನು ಒಲೆಯ ಮುಂದೆಯೇ ನಿಂತಿದ್ದ. ಶಾಖ ಏರಿದ್ದು ಗೊತ್ತಾಗಲಿಲ್ಲ. ಮೇಲಿನ ಎರಡು ಸಾಲು ಎಲೆ ಕರಿಯಾಗಿತ್ತು.

“ಮೂವತ್ತು ವರ್ಷದಲ್ಲಿ ಒಂದು ಎಲೆ ಸುಟ್ಟವನಲ್ಲ,” ಎಂದಳು ಹೆಂಡತಿ. “ಏನಾಗಿತ್ತು ನಿನಗೆ?”

“ನಾಳೆ ಸೆಲೋಂಗ್‌ಗೆ ಹೋಗ್ತೀನಿ,” ಎಂದ ಅವನು.

ಮರುದಿನ ಅವನು ಒಬ್ಬನೇ ಹೋಗಿ ಬು ರೆಹಾನುನ್‌ಳ ಮೇಜಿನ ಮುಂದೆ ಕೂತ. ಅವಳು ಟೀ ತರಿಸಿದಳು. ಟೀ ಆರಿತು.

“ಮಹ್ಸುನ್‌ಗೆ ಗೊತ್ತಿತ್ತು,” ಎಂದ ಕೊನೆಗೆ.

“ಹೇಗೆ ಹೇಳ್ತೀರಿ ಅಮಾಕ್?”

“ಸಕ್ನಾಳನ್ನ ಇಳಿಸೋಕೆ ಗೋರಿಯೊಳಗೆ ಇಳಿದವರು ನಾವಿಬ್ಬರು. ನಾನು ತಲೆ ಕಡೆ, ಅವನು ಕಾಲು ಕಡೆ.”

ಬು ರೆಹಾನುನ್‌ಳ ಪೆನ್ನು ನಿಂತಿತು. ಆಮೇಲೆ ಜೋರಾಗಿ ಓಡಿತು. “ಇಷ್ಟು ದಿನ ಯಾಕೆ ಹೇಳಲಿಲ್ಲ? ಇದೊಂದು ಸಾಕು ಅವನಿಗೆ! ಬೇರೆ ಯಾರಾದ್ರೂ ನೋಡಿದ್ದಾರಾ?”

“ಊರೇ ನೋಡಿದೆ. ಎಲ್ಲರ ಎದುರಿಗೇ ಅತ್ತಿದ್ದ.”

* * *

ಇಬ್ಬರು ಮುದುಕರು ಸಾಕ್ಷಿ ಹೇಳಿ, ಮುಖ್ಯಸ್ಥ ಮುದ್ರೆ ಒತ್ತಿ, ಮೂರು ವಾರದ ಮೇಲೆ ಸಕ್ನಾಳ ಮರಣಪತ್ರ ಬಂತು. ಇನಾಕ್ ಸಕ್ನಾ ಅದನ್ನು ತಲೆಕೆಳಗಾಗಿ ಹಿಡಿದು ನೋಡಿದಳು. ರಬಿಯಾ ತಿರುಗಿಸಿ ಕೊಟ್ಟಳು.

“ಇದೇನಾ ಅವಳು ಸತ್ತದ್ದು?” ಎಂದು ಅಮ್ಮ ಕೇಳಿದಳು. “ಹದಿನೇಳು ವರ್ಷ ಅನ್ನ ಬಡಿಸುವಾಗಲೂ, ನೀರು ತರುವಾಗಲೂ ಇನಾಕ್ ಸಕ್ನಾ, ಇನಾಕ್ ಸಕ್ನಾ ಅಂತ ಕರೀತಿದ್ರು. ಎಲ್ಲೋ ಇದ್ದಾಳೆ ಅನ್ನಿಸೋದು.” ಆಮೇಲೆ ಕಣ್ಣು ಒರೆಸಿಕೊಂಡು ಬೀದಿಗೆ ಕೇಳುವ ಹಾಗೆ ಹೇಳಿದಳು: “ಇನ್ನು ನನ್ನನ್ನ ಯಾರೂ ಹಾಗೆ ಕರೀಬೇಡಿ. ನಾನು ಇನಾಕ್ ರಬಿಯಾ.”

“ಹೆಸರೇನು ಬಟ್ಟೆಯಾ, ಒಗೆದು ಬೇರೆ ಉಟ್ಕೊಳ್ಳೋಕೆ?” ಎಂದಳು ಪಾಪುಕ್.

“ಆ ಹೆಸರು ಹಿಡ್ಕೊಂಡೇ ತಾನೇ ಅವನು ನನ್ನ ಇನ್ನೊಂದು ಮಗೂನ ಹೊತ್ಕೊಂಡು ಹೋಗಿದ್ದು? ನೀನೂ ಅಷ್ಟೇ,” ಎಂದು ಗಂಡನ ಕಡೆ ತಿರುಗಿದಳು. “ಅಮಾಕ್ ರಬಿಯಾ. ಕೇಳಿಸ್ತಾ?”

ಅವನು ತಲೆ ಆಡಿಸಿದ. ಆದರೆ ಅವಳು ಆ ಹೆಸರಲ್ಲಿ ಕರೆದಾಗಲೆಲ್ಲ ಒಂದು ಗಳಿಗೆ ತಡೆದು ತಿರುಗುತ್ತಿದ್ದ. ಬೇರೆ ಯಾರನ್ನೋ ಕರೆದಂತೆ.

ಕೋರ್ಟಿಗೆ ಹೋದ ದಿನ ಮಳೆ ಶುರುವಾಗಿತ್ತು. ಇನಾಕ್ ರಬಿಯಾ ಬೆಳಿಗ್ಗೆಯೇ ಬಾಳೆಯೆಲೆಯಲ್ಲಿ ಅನ್ನ ಕಟ್ಟಿಕೊಂಡಿದ್ದಳು. ಪಾಪುಕ್ ಮನೆಯಲ್ಲುಳಿದಳು, ಸೊಂಟ ನೋವು ಎಂದಳು.

ಮರಣಪತ್ರ ಬಂದ ಮೇಲೆ ಹಳೆಯ ಮಾತು ಬಿಟ್ಟು ಮಹ್ಸುನ್ ಸುತ್ತಿಬಳಸದೆ ಹೇಳಿದ. “ಸ್ವಾಮಿ, ನಾನು ಕದ್ದಿಲ್ಲ. ಅಪ್ಪನೇ ಪೆಟ್ಟಿಗೆಯಿಂದ ತೆಗೆದು ಕೈಗೆ ಕೊಟ್ಟ. ಸತ್ತೋಳಿಗೆ ಏನು ನಷ್ಟ ಅಂದ.”

“ಥೂ!” ಇನಾಕ್ ರಬಿಯಾ ಬೆಂಚಿನಿಂದ ಎದ್ದುನಿಂತಳು. “ಗೋರಿಗೆ ಇಳಿದ ಕಾಲು ನಿಂದು, ಆ ಕಾಲಲ್ಲೇ ನಮ್ಮ ಮನೆ ಹೊಕ್ಕೆಯಲ್ಲೋ! ಈಗ ಹೆತ್ತಪ್ಪನ ಮೇಲೆ ಹಾಕ್ತೀಯಾ? ಹಾಜಿ ಅಂತೆ ಹಾಜಿ! ಮೆಕ್ಕಾಗೆ ಹೋದ್ಯೋ, ಸಂತೆಗೆ ಹೋದ್ಯೋ?”

“ಅಮ್ಮ, ಕೂತ್ಕೊಳ್ಳಿ,” ಎಂದರು ನ್ಯಾಯಾಧೀಶರು.

ಕೂತಿದ್ದ ಜನರೆಲ್ಲ ಅವಳ ಕಡೆಗೇ ಇದ್ದರು. ಮಹ್ಸುನ್‌ನ ವಕೀಲ ಎದ್ದ. “ಅಮಾಕ್, ನೇರವಾಗಿ ಹೇಳಿ. ಪತ್ರ ನೀವೇ ಕೊಟ್ಟಿರಾ?”

ಅಮಾಕ್ ರಬಿಯಾ ವಕೀಲನನ್ನು ನೋಡಲಿಲ್ಲ. ಮಗಳನ್ನು ನೋಡಿದ. “ರಬಿಯಾ, ಬಾ. ಕೈ ತೋರಿಸು.”

ಅವಳು ಎದ್ದು ಬಂದು ಅಂಗಿಯ ತೋಳು ಮೇಲೇರಿಸಿದಳು. ಕೊಠಡಿಯಲ್ಲಿ ಕೆಮ್ಮುತ್ತಿದ್ದವನೂ ಕೆಮ್ಮು ನಿಲ್ಲಿಸಿದ. ನ್ಯಾಯಾಧೀಶರು ಕನ್ನಡಕ ತೆಗೆದರು. ವಕೀಲ ಕಾಗದ ತಿರುವುತ್ತ ಕೂತುಬಿಟ್ಟ.

“ಇನ್ನೇನಾದ್ರೂ ಹೇಳೋದಿದೆಯಾ ನಿಮಗೆ?” ಎಂದು ನ್ಯಾಯಾಧೀಶರು ಅಪ್ಪನನ್ನು ಕೇಳಿದರು.

“ಅವನು ಕಾಲು ಕಡೆ ಹಿಡಿದಿದ್ದ ಸ್ವಾಮಿ. ಮಣ್ಣು ಹಾಕುವಾಗ ನನಗಿಂತ ಹೆಚ್ಚು ಅತ್ತ. ಅವನಿಗೆ ಗೊತ್ತಿತ್ತು.”

ಮಹ್ಸುನ್ ಆಗ ತಲೆ ಎತ್ತಿ ಅವನನ್ನು ನೋಡಿದ. ಸಿಟ್ಟಿನಿಂದ ಅಲ್ಲ. ಹದಿನೇಳು ವರ್ಷದ ಹಿಂದೆ ಆ ಗುಂಡಿಯೊಳಗಿಂದ, ಇಳಿಸೋಣವಾ ಎಂದು ಕೇಳಿ ನೋಡಿದ ಹಾಗೆ. ಅಮಾಕ್ ರಬಿಯಾ ಆ ನೋಟಕ್ಕೆ ಕಣ್ಣು ತಗ್ಗಿಸಲಿಲ್ಲ.

* * *

ಏಳು ವರ್ಷ ಎಂದು ತೀರ್ಪಾಯಿತು. ಬು ರೆಹಾನುನ್ ಫೋನಿನಲ್ಲಿ ಹೇಳಿದಾಗ ಇನಾಕ್ ರಬಿಯಾ ಕೋಳಿ ಹಿಡಿಯಲು ಓಡಿದಳು. ಮಧ್ಯಾಹ್ನಕ್ಕೆ ಮನೆ ತುಂಬ ತೆಂಗಿನಹಾಲಿನ ಸಾರಿನ ವಾಸನೆ. ಅನ್ನ ಬಸಿದಿಟ್ಟು ಅವಳು ಮೊಳೆಯಿಂದ ಸಕ್ಕರೆ ಚೀಲ ಇಳಿಸಿದಳು. ತಳದಲ್ಲಿ ಇರುವೆ ಸಾಲು ಕಟ್ಟಿತ್ತು.

“ಹೋಗು ರಬಿಯಾ, ಅವರ ಮನೆಗೆ ಕೊಟ್ಟು ಬಾ. ಬಾಯಿ ಕಹಿ ಆಗಿರುತ್ತೆ, ಹಾಕ್ಕೊಳ್ಳಿ ಅಂತ ನಮ್ಮಮ್ಮ ಹೇಳಿದ್ಲು ಅನ್ನು.”

“ಆ ಹೆಂಗಸು ಏನು ಮಾಡಿದ್ಲು?” ಎಂದಳು ಪಾಪುಕ್.

“ತಿಂದ್ಲು. ಅವನು ತಂದಿದ್ದನ್ನೆಲ್ಲ ಕೂತು ತಿಂದ್ಲು.”

ರಬಿಯಾ ನಗುತ್ತ ಹೋದಳು. ಊರಿಗೆ ಬಂದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಬರುವಾಗ ನಗು ಇರಲಿಲ್ಲ. ತಟ್ಟೆಯ ಮುಂದೆ ಕೂತಳು. ಹೊರಗೆ ಮಳೆ ಬಿರುಸಾಯಿತು. ತಗಡಿನ ಮೇಲೆ ಬಡಿಯುವ ಸದ್ದಿಗೆ ಮಾತು ಎತ್ತರಿಸಬೇಕಾಯಿತು.

“ತಗೊಂಡ್ಲಾ?” ಎಂದಳು ಅಮ್ಮ.

“ತಗೊಂಡ್ಲು.”

“ಏನಂದ್ಲು?”

“ಏನೂ ಅನ್ನಲಿಲ್ಲ. ನಾನು ತಿರುಗಿ ಬರುವಾಗ, ನಿಮ್ಮಪ್ಪನ್ನ ಕೇಳು ಅಂದ್ಲು.”

“ಏನಂತ ಕೇಳೋದು? ಹೊಟ್ಟೆಯುರಿ, ಮತ್ತೇನು? ಉಣ್ಣು ನೀನು.” ಅಮ್ಮ ಸಾರು ತರಲು ಒಳಗೆ ಹೋದಳು.

ಪಾಪುಕ್ ಬಾಯಿಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿಯುತ್ತಿದ್ದಳು. ರಬಿಯಾ ಚಮಚ ಎತ್ತಲಿಲ್ಲ. ಸುಟ್ಟ ಕೈ ಮಡಿಲಲ್ಲಿತ್ತು.

“ಏನಂತ ಕೇಳ್ಬೇಕು ಅಮಾಕ್?”

ಅವನು ಕೋಳಿಯ ತೊಡೆ ತೆಗೆದುಕೊಂಡು, ಮೂಳೆಯಿಂದ ಮಾಂಸ ಬಿಡಿಸಿ, ಚಮಚದಲ್ಲಿ ಹಿಡಿಯುವಷ್ಟು ಸಣ್ಣಗೆ ಹರಿದು ಅವಳ ತಟ್ಟೆಯ ಅಂಚಿಗೆ ಇಟ್ಟ. ಒಂದೊಂದೇ ಚೂರು. ಮೂಳೆ ಬರಿದಾಗುವವರೆಗೆ.

“ತಣ್ಣಗಾಗುತ್ತೆ, ತಿನ್ನು,” ಎಂದ.

ಅವಳು ತಿಂದಳು. ಇನ್ನೊಮ್ಮೆ ಕೇಳಲಿಲ್ಲ. ಸಕ್ನಾಳ ಜನನಪತ್ರವನ್ನು ಅಕ್ಕಿ ಪೆಟ್ಟಿಗೆಯಿಂದ ತೆಗೆದು ಮಹ್ಸುನ್‌ನ ಕೈಗೆ ಇಟ್ಟವನು ತಾನೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.